ಕಸದ ಬಲೆಗೆ ಕಟ್ಟಿದ ಚೀಟಿ

ಒಂದು ಆಶ್ಚರ್ಯಚಿಹ್ನೆ ಸಾಕೇ, ಮೂರು ಬೇಕೇ? ಒಂದೇ ಹಾಕಿದರೆ ಸಪ್ಪೆ. ‘ದಯವಿಟ್ಟು’ ಬೇಕೇ? ಇಂಗ್ಲಿಷು ನೇರ ಮಾತಿನ ಭಾಷೆ, ಅಲ್ಲಿ ಬಾಗಿ ಬಳುಕಿ ಮಾತಾಡುವುದಿಲ್ಲ ಎಂದು ಕಾಲೇಜಿನಲ್ಲಿ ಕಲಿತಿದ್ದ ನುಕಾಗಾ. ಟ್ಯೂಷನ್ ಮಕ್ಕಳಿಗೂ ಅದನ್ನೇ ಹೇಳಿಕೊಡುತ್ತಿದ್ದ. ಕೊನೆಗೆ ‘ದಯವಿಟ್ಟು’ ಬಿಟ್ಟ, ಮೂರು ಚಿಹ್ನೆ ಹಾಕಿದ.

ಜಪಾನಿನ ಓಕಾಯಾಮಾದ ಆ ಓಣಿಯಲ್ಲಿ ಯಾರೋ ತಪ್ಪು ದಿನ ಕಸ ಇಟ್ಟಿದ್ದರು. ಕಾಗೆಗಳು ಕಸಕ್ಕೆ ಹೊದಿಸಿದ ಬಲೆಯಡಿಯಿಂದ ಚೀಲ ಎಳೆದು ದಾರಿತುಂಬ ಹರಡಿದ್ದವು. ಯಾರೆಂದು ಕೇಳುವ ರೂಢಿಯಿಲ್ಲ; ಎಲ್ಲರಿಗೂ ಸೇರಿಸಿ ಒಂದು ಚೀಟಿ ಕಟ್ಟುವುದಷ್ಟೇ. ಓಣಿಯ ಸಂಘದ ಅಧ್ಯಕ್ಷೆ ಹಿದಾ ಅದನ್ನು ಹಿಡಿದುಕೊಂಡೇ ಬಂದಿದ್ದರು.

“ಮೇಷ್ಟ್ರೇ, ನಮ್ಮ ಭಾಷೇಲಿ ಬರ್ದಿದ್ದೀನಿ. ಕೆಲಸದ ಗಡಿಬಿಡೀಲಿ ಮರೆತಿರಬಹುದು, ತೊಂದ್ರೆ ಕೊಡ್ತಿರೋದಕ್ಕೆ ಕ್ಷಮಿಸಿ, ಅಂತ. ಕೆಳಗೆ ಇಂಗ್ಲಿಷಲ್ಲೂ ಅದನ್ನೇ ಹಾಕ್ಕೊಡಿ. ಮೆತ್ತಗಿರ್ಲಿ. ಓದಿದ್ರೆ ಕಾಗೆಗೂ ಬೇಜಾರಾಗ್ಬಾರ್ದು.”

ಅವನು ಬರೆದದ್ದು: ಇವತ್ತು ಕಸದ ದಿನವಲ್ಲ, ನಿನ್ನ ಕಸ ನೀನೇ ಎತ್ತು. ಎಲ್ಲವೂ ದೊಡ್ಡಕ್ಷರದಲ್ಲಿ. ಬರೆದು ಮುಗಿಸಿದಾಗ ಹೆಮ್ಮೆಯೇ ಆಗಿತ್ತು.

ಓಣಿಯಲ್ಲಿ ಚೀಟಿಯನ್ನು ಇಂಗ್ಲಿಷಿನಲ್ಲಿ ಓದಬೇಕಾದವಳು ಒಬ್ಬಳೇ, ವೃದ್ಧಾಶ್ರಮದ ಆರೈಕೆ ಕೆಲಸಕ್ಕೆ ಫಿಲಿಪೈನ್ಸಿನಿಂದ ಬಂದ ಮರಿವಿಕ್. ಅದು ಅವನಿಗೆ ಹೊಳೆದದ್ದು ಭಾನುವಾರ, ಅವಳು ಸಿಹಿಯ ಪೆಟ್ಟಿಗೆ ಹಿಡಿದು ಬಾಗಿಲಲ್ಲಿ ನಿಂತಾಗ. ತಪ್ಪೊಪ್ಪಿಕೊಳ್ಳಲು ಒಯ್ಯುವಂಥ ಪೆಟ್ಟಿಗೆ. ಪಕ್ಕದ ಮನೆಗೂ ಕೊಟ್ಟು ಬಂದಿದ್ದಳು.

“ನನ್ನಿಂದ ಎಲ್ರಿಗೂ ತೊಂದ್ರೆ ಆಯ್ತು, ಕ್ಷಮಿಸಿ ಮೇಷ್ಟ್ರೇ,” ಎಂದು ಸೊಂಟ ಬಾಗಿಸಿದಳು.

“ಆ ಚೀಲ ನಿಮ್ದಾ?”

“ಅಲ್ಲ, ಊರಲ್ಲೇ ಇರ್ಲಿಲ್ಲ ನಾನು. ಆದ್ರೆ ಚೀಟಿ ನಂಗೇ ತಾನೆ? ಇನ್ಯಾರಿಗೆ ಇಂಗ್ಲಿಷು?” ನಗಲು ನೋಡಿದಳು. “ಮೇಲಿನ ಜಪಾನಿ ಸಾಲು ಕಷ್ಟಪಟ್ಟು ಓದ್ದೆ. ಎಷ್ಟು ಚಂದ! ಕೆಳಗೆ ಮಾತ್ರ ನಾಯಿ ಅಟ್ಟಿದ ಹಾಗಿದೆ. ನಿಮಗೆ ಗೊತ್ತಾಗುತ್ತಲ್ಲ, ಹೇಳಿ, ಅದು ಬೈಗುಳಾನೇ ಅಲ್ವಾ?”

ಅವನ ಕಿವಿ ಬಿಸಿಯಾದವು. “ಸ್ವಲ್ಪ ಒರಟು,” ಎಂದ.

“ಯಾರು ಬರ್ದಿದ್ದು?”

ಪೆಟ್ಟಿಗೆ ಅಷ್ಟರಲ್ಲಿ ಅವನ ಕೈಗೆ ಬಂದಿತ್ತು. “ಸಂಘದವ್ರು.”

“ಹಿದಾ ಅಮ್ಮನಾ? ಅಯ್ಯೋ, ಸಿಕ್ಕಾಗೆಲ್ಲ ಮೂಲಂಗಿ ಕೊಡೋರು. ಒಳಗೊಳಗೆ ಇಷ್ಟು ಸಿಟ್ಟಿತ್ತಾ!”

ಅವಳು ಇನ್ನೊಮ್ಮೆ ಬಾಗಿ ಮುಂದಿನ ಮನೆಗೆ ಹೋದಳು. ಸಂಜೆ ನುಕಾಗಾ ಹೋಗಿ ಚೀಟಿಯ ಕೆಳಭಾಗವನ್ನಷ್ಟೇ ಹರಿದು ತಂದ. ಸಿಹಿಯನ್ನು ತಿನ್ನಲಾಗಲಿಲ್ಲ, ಎಸೆಯಲೂ ಆಗಲಿಲ್ಲ.

ಎಲೆ ಉದುರುವ ಹೊತ್ತಿಗೆ ಹಿದಾ ಅವನನ್ನು ತಡೆದು ಕೇಳಿದರು: “ಮೇಷ್ಟ್ರೇ, ಆ ಹುಡುಗಿ ನನ್ನ ಕಂಡ್ರೆ ಸುತ್ತು ಹಾಕ್ಕೊಂಡು ಹೋಗ್ತಾಳಲ್ಲ. ನಿಮ್ಮ ಹತ್ರ ಏನಾದ್ರೂ ಅಂದ್ಲಾ?”

“ಇಲ್ವಲ್ಲ,” ಎಂದ ನುಕಾಗಾ.

ಹಿದಾ ಹೇಳಿಕೊಟ್ಟದ್ದು ಮೆತ್ತಗಿನ ಮಾತು, ಗದರಿದವನು ತಾನು ಎಂದು ಅವನು ಇಬ್ಬರಲ್ಲಿ ಒಬ್ಬರಿಗೂ ಹೇಳಲಿಲ್ಲ.