ಬದುಕಿರುವವನ ಮೇಲೊಂದು ಹಾಡು

ಎಕಾತೆಪೆಕ್ ನಗರದ ಗುಡ್ಡದ ಕೇರಿಗಳಲ್ಲಿ ಯಾವನಾದರೂ ಹುಡುಗ ಗುಂಡೇಟಿಗೆ ಸತ್ತರೆ ಮನೆಯವರು ಮೊದಲು ಪಾದ್ರಿಯನ್ನು ಕರೆಸುತ್ತಿದ್ದರು, ಆಮೇಲೆ ನಹೂಮನನ್ನು. ಈಚೀಚೆಗೆ ಈ ಕ್ರಮ ಹಿಂದುಮುಂದಾಗಿತ್ತು. ರ‍್ಯಾಪ್ ಹಾಡುವವರ ನಡುವೆ ‘ಮಸಿ’ ಎಂದೇ ಹೆಸರಾಗಿದ್ದ ನಹೂಮ್ ಸತ್ತವರ ಮೇಲೆ ಹಾಡು ಕಟ್ಟುವುದರಲ್ಲಿ ಎತ್ತಿದ ಕೈ. ಪ್ರೇಮದ ಮೇಲೆ ಕಟ್ಟಿದ್ದನ್ನು ಅವನ ಪ್ರೇಯಸಿಯೇ ಪೂರ್ತಿ ಕೇಳಿರಲಿಲ್ಲ. ಸರ್ಕಾರವನ್ನು ಬೈದದ್ದು ಸರ್ಕಾರದ ಕಿವಿಗೆ ಬಿದ್ದಿರಲಿಲ್ಲ. ಸತ್ತವರ ಹಾಡುಗಳನ್ನು ಮಾತ್ರ ಲಕ್ಷಗಟ್ಟಲೆ ಜನ ಕೇಳಿ ಕಣ್ಣೊರೆಸಿಕೊಂಡಿದ್ದರು.

ಆ ಹಾಡುಗಳಿಗೊಂದು ಪದ್ಧತಿಯಿತ್ತು. ಮೊದಲು ತೀರಿಕೊಂಡವನ ಫೋನಿನಿಂದ ತೆಗೆದ ಅವನದೇ ದನಿಯಲ್ಲಿ ಎರಡು ಮಾತು, ಆಮೇಲೆ ತಾಳ. ಆ ದನಿ ಕೇಳಿಸಿದ್ದೇ ತಡ, ಮಿನಿ ಬಸ್ಸಿನಲ್ಲಿ ತೂಕಡಿಸುತ್ತಿದ್ದವರೂ ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಳ್ಳುತ್ತಿದ್ದರು.

ಕೇರಿಯವರು ಗೌರವದಿಂದ ಡೋನ್ಯಾ ಎನ್ನುವ ಒಬ್ದುಲಿಯಾ ಬಂದದ್ದು ತಮಾಲೆಯ, ಅಂದರೆ ಜೋಳದ ಕಡುಬಿನ, ಬೆಳಗಿನ ವ್ಯಾಪಾರ ಮುಗಿಸಿಕೊಂಡು, ಖಾಲಿ ಹಬೆಪಾತ್ರೆಯ ಸಮೇತ. ಅವಳ ಮಗ ಊರಿಯೆಲ್ ನಹೂಮನ ಜೊತೆ ಓದಿದವನು. ಎರಡು ವರ್ಷದ ಹಿಂದೆ ಬ್ರೆಡ್ಡು ತರುತ್ತೇನೆಂದು ಹೋದವನು ಇನ್ನೂ ಬಂದಿರಲಿಲ್ಲ.

“ನನ್ ಮಗನ ಮೇಲೂ ಒಂದ್ ಹಾಡು ಕಟ್ಟೋ.”

ನಹೂಮ್ ಟೋಪಿ ತೆಗೆದ. “ಸಿಕ್ಕಿದ್ನಾ ಅಮ್ಮಾ?”

“ನಿನ್ ಬಾಯಿಗೆ ಮೆಣಸಿನಕಾಯಿ ಇಕ್ಕ! ಸಿಕ್ಕಿದ್ರೆ ನಿನ್ ಹತ್ರ ಯಾಕ್ ಬರ್ಲಿ? ಹಿಡ್ಕೊಂಡೋಗಿ ಎಲ್ಲೋ ದುಡಿಸ್ಕೊಳ್ತಿದಾರೆ ಅವನ್ನ. ನಿನ್ ಹಾಡು ಎಲ್ಲಾ ಕಡೆ ಕೇಳತ್ತಲ್ಲ, ಅವನ ಕಿವಿಗೂ ಬೀಳ್ಲಿ. ಅಮ್ಮ ಅದೇ ಮನೇಲಿದಾಳೆ, ಫೋನ್ ನಂಬರ್ ಬದಲಾಗಿಲ್ಲ ಅಂತ ಸೇರಿಸು. ಬದುಕಿರೋನ ಹಾಡು ಕಣೋ ಇದು, ಜನಾನ ಅಳಿಸೋಕೆ ಹೋಗ್ಬೇಡ.”

ಏಪ್ರನ್ನಿನ ಜೇಬಿನಿಂದ ಫೋನು ತೆಗೆದು, ಆ ದಿನ ಮಗ ಕಳಿಸಿದ್ದ ಧ್ವನಿ ಸಂದೇಶ ಒತ್ತಿದಳು. “ಅಮ್ಮಾ, ಬ್ರೆಡ್ಡು ಇನ್ನೂ ಒಲೇಲಿದೆಯಂತೆ. ಸ್ವಲ್ಪ ತಡ ಆಗತ್ತೆ.” ಊರಿಯೆಲ್‌ನ ದನಿ.

“ಇದನ್ನೇ ಮೊದ್ಲು ಹಾಕು. ತನ್ನದೇ ದನಿ ಕೇಳಿದ್ರೆ ಯಾರಾದ್ರೂ ತಿರುಗಿ ನೋಡ್ದೆ ಇರ್ತಾರಾ?”

ಹಾಗೆ ಹಾಕಿದರೆ ಕೇಳುವವರಿಗೆ ಏನರ್ಥವಾಗುತ್ತದೆ ಎಂದು ನಹೂಮ್ ಆಗಲೇ ಹೇಳಬೇಕಿತ್ತು. ಆದರೆ ತಾಳ ಎಲ್ಲಿ ಶುರುವಾಗಬೇಕೆಂಬುದು ಅಷ್ಟರಲ್ಲೇ ಅವನಿಗೆ ಹೊಳೆದುಬಿಟ್ಟಿತ್ತು. ‘ತಡ ಆಗತ್ತೆ’ ಆದಮೇಲೆ ಒಂದು ಉಸಿರಿನಷ್ಟು ಬಿಡುವು. ಅಷ್ಟು ಚೆನ್ನಾಗಿರುವುದನ್ನು ಬೇಡವೆನ್ನುವ ಶಕ್ತಿ ಅವನಿಗಿರಲಿಲ್ಲ.

ಹಾಡು ಕಾಡ್ಗಿಚ್ಚಿನಂತೆ ಹಬ್ಬಿತು. ಇಂಟರ್ನೆಟ್ಟಿನಲ್ಲಿ ಅದರ ಕೆಳಗೆ ಸಾವಿರಾರು ಜನ ಬರೆದರು: ಆತ್ಮಕ್ಕೆ ಶಾಂತಿ ಸಿಗಲಿ. ಸ್ವರ್ಗದಲ್ಲಿ ಬಿಸಿ ಬ್ರೆಡ್ಡು ತಿನ್ನು ತಮ್ಮಾ. ಒಬ್ದುಲಿಯಾ ಕೂತು ಒಬ್ಬೊಬ್ಬರಿಗೂ ಉತ್ತರ ಬರೆದಳು: ನನ್ನ ಮಗ ಸತ್ತಿಲ್ಲ, ಕಾಣೆಯಾಗಿದ್ದಾನೆ, ನೋಡಿದವರು ದಯವಿಟ್ಟು ತಿಳಿಸಿ. ಅದರ ಕೆಳಗೂ ಜನ ಕೈಮುಗಿಯುವ ಚಿತ್ರ ಹಾಕಿದರು.

“ನನ್ ಮಾತು ಯಾರೂ ನಂಬಲ್ಲ. ನೀನೇ ಹೇಳೋ,” ಎಂದಳು ನಹೂಮನಿಗೆ.

ಹೀಗಾಗಿ ಭಾನುವಾರ ಮಧ್ಯಾಹ್ನ, ಬ್ಯಾಸ್ಕೆಟ್‌ಬಾಲ್ ಅಂಗಳದಲ್ಲಿ ನಡೆದ ಕಾರ್ಯಕ್ರಮದಲ್ಲಿ, ನಹೂಮ್ ಅವಳನ್ನು ಕೈಹಿಡಿದು ವೇದಿಕೆ ಹತ್ತಿಸಿದ. ಮೈಕು ಹಿಡಿದು ಕೂಗಿದ: “ಕೇಳ್ರಪ್ಪಾ! ಊರಿಯೆಲ್ ಸತ್ತಿಲ್ಲ!”

“ಸತ್ತಿಲ್ಲ!” ಅಂಗಳ ಗುಡುಗಿತು. “ನಮ್ಮೆದೇಲಿದಾನೆ!”

“ಎದೇಲಲ್ಲ ಕಣ್ರೋ, ನಿಜವಾಗ್ಲೂ...”

ಇದೂ ಹಾಡಿನ ಪೀಠಿಕೆಯೇ ಎಂದುಕೊಂಡ ಸೌಂಡಿನ ಚಾತೊ ಗುಂಡಿ ಒತ್ತಿಬಿಟ್ಟ. ಊರಿಯೆಲ್‌ನ ದನಿ ಗೋಡೆಗಳಿಗೆ ಬಡಿದು ಬಂತು. ಟೋಪಿಗಳು ತಲೆಯಿಂದ ಇಳಿದವು, ಕೈಗಳು ಹಣೆಗೆ ಹೋದವು. ನಹೂಮ್ ಹಾಡಿದ. ಕೆಟ್ಟದಾಗಿ ಹಾಡಲು ಅವನಿಗೆ ಬರುತ್ತಿರಲಿಲ್ಲ.

“ಸತ್ತಿಲ್ಲ ಅಂದ್ಯಲ್ಲ ಮಸಿ, ಮೈ ಜುಮ್ಮಂತು ಕಣೋ,” ಎಂದ ಚಾತೊ, ಮೂಗೊರೆಸಿಕೊಳ್ಳುತ್ತ.

ಆಮೇಲೆ ವೇದಿಕೆಯ ಪಕ್ಕ ಸಾಲು ನಿಂತಿತು. ಒಬ್ಬೊಬ್ಬರೂ ಬಂದು ಒಬ್ದುಲಿಯಾಳನ್ನು ತಬ್ಬಿದರು. “ಕಾಣೆಯಾಗಿದಾನೆ ಅಷ್ಟೇ,” ಎಂದಳು ಮೊದಲನೆಯವನಿಗೆ. ಅವನು ಇನ್ನೂ ಬಿಗಿಯಾಗಿ ತಬ್ಬಿದ. ಎರಡನೆಯವಳಿಗೂ ಹೇಳಿದಳು, ಆಕೆ ಬಿಕ್ಕಿಬಿಕ್ಕಿ ಅತ್ತಳು. ಕಳೆದ ವರ್ಷ ತಮ್ಮನನ್ನು ಮಣ್ಣು ಮಾಡಿದ್ದವಳು. ಒಬ್ದುಲಿಯಾಳೇ ಆಕೆಯ ಬೆನ್ನು ಸವರಿ ಸಮಾಧಾನ ಮಾಡಬೇಕಾಯಿತು. ಸಾಲು ಕರಗಲಿಲ್ಲ. ಸ್ವಲ್ಪ ಹೊತ್ತಿನಲ್ಲಿ ಅವಳ ಮಾತು ಚಿಕ್ಕದಾಯಿತು: “ಆಯ್ತಪ್ಪ. ದೇವರು ನಿಮಗೆ ಒಳ್ಳೇದು ಮಾಡ್ಲಿ.” ನಹೂಮ್ ನೀರಿನ ಬಾಟಲಿ ಹಿಡಿದು ನಿಂತೇ ಇದ್ದ. ಅವಳು ಆ ಮಾತನ್ನು ಮತ್ತೆ ಅಂದಳು, ಮತ್ತೆ ಅಂದಳು. ಯಾರನ್ನೂ ತಿದ್ದಲಿಲ್ಲ.

ಇಗರ್ಜಿಯ ಕೆಲಸ ನೋಡಿಕೊಳ್ಳುವ ಹೆಂಗಸೊಬ್ಬಳು ಅವಳ ಕಿವಿಯಲ್ಲಿ ಏನೋ ಕೇಳಿದಳು. ಒಬ್ದುಲಿಯಾ ನಹೂಮನ ಕಡೆ ತಿರುಗಿದಳು. ಕಣ್ಣು ಒಣಗಿತ್ತು.

“ಅವನ ಆತ್ಮಕ್ಕೆ ವರ್ಷದ ಪೂಜೆ ಹೇಳಿಸ್ತಾರಂತೆ. ಹೋದದ್ದು ಯಾವ ದಿನ ಅಂತ ಕೇಳ್ತಿದಾರೆ. ಏನ್ ಹೇಳ್ಲೋ?”

“ಸಂತ ಜೋಸೆಫರ ಹಬ್ಬದ ಹಿಂದಿನ ದಿನ ಅನ್ನಿ,” ಎಂದ ನಹೂಮ್. ಊರಿಯೆಲ್ ಮನೆಯಿಂದ ಹೊರಟ ದಿನವದು.

ಅವಳು ತಲೆಯಾಡಿಸಿ, ಹೆಂಗಸಿನ ಕಡೆ ತಿರುಗಿ, ಹಾಗೆಯೇ ಹೇಳಿದಳು.