ಹಳೆಯ ರಕ್ತದ ಹೊಸ ಲಕ್ಷಣ

ಹತ್ತೊಂಬತ್ತು ವರ್ಷ ಹಳೆಯ ರಕ್ತದ ಕಲೆ ಇಷ್ಟು ಗಟ್ಟಿಮುಟ್ಟಾಗಿರುವುದು ಸಾಧ್ಯವೇ ಇಲ್ಲ. ಯಂತ್ರದ ಅಂಕಿ ಕಂಡೊಡನೆ ನನಗೆ ಮೈಯೆಲ್ಲ ಉರಿಯಿತು.

ಡಿಎನ್‌ಎ ಹಳತಾದಂತೆ ತುಂಡಾಗುತ್ತದೆ. ಗಿಡ್ಡ ತುಂಡುಗಳು ಉಳಿಯುತ್ತವೆ, ಉದ್ದದವು ಸಿಗುವುದು ಅಪರೂಪ. ಎರಡನ್ನೂ ಅಳೆದು ಹೋಲಿಸಿ, ಮಾದರಿ ಎಷ್ಟು ಕೆಟ್ಟಿದೆ ಎಂದು ಹೇಳುವುದೇ ನನ್ನ ಕೆಲಸ. ಕೊಲೆಯಾದ ಜಾಗದಲ್ಲಿ ಸಿಕ್ಕ ಈ ಅಂಗಿಯ ತೋಳಿನ ಕಲೆಯಲ್ಲಿ ಎರಡೂ ಸಮಸಮ. ಸಾಲದ್ದಕ್ಕೆ, ಕೊಲೆಗಾರನದೆಂದು ನಂಬಿದ ಕಲೆಯಲ್ಲಿ ಗಂಡಸಿನ ಡಿಎನ್‌ಎ ಹೆಸರಿಗೂ ಇಲ್ಲ. ಯಾರೋ ಹೆಂಗಸಿನದು, ಅದೂ ಮೊನ್ನೆ ಮೊನ್ನೆಯದು.

ಈ ರಕ್ತ ತನ್ನದಲ್ಲ ಎಂದು ಒಬ್ಬ ಜೈಲಿನಲ್ಲಿ ಕೂತು ಅಷ್ಟೂ ವರ್ಷದಿಂದ ಹೇಳುತ್ತಿದ್ದಾನೆ. ಅವನ ಅಕ್ಕ ಕೋರ್ಟು ಕಚೇರಿ ಅಲೆದು ಈ ಪರೀಕ್ಷೆಗೆ ಆದೇಶ ತಂದಿದ್ದಾಳೆ. ಕಲೆಯಿರುವ ಬಟ್ಟೆ ಅಂಗೈಯಷ್ಟೂ ಇಲ್ಲ. ಅರ್ಧವನ್ನು ಆಗಲೇ ಕತ್ತರಿಸಿ ಬಳಸಿಬಿಟ್ಟಿದ್ದೆ.

ಹೆಂಗಸಿನ ರಕ್ತ ಎಂದಾದರೆ ಬಿಡುಗಡೆ ಯಾರಿಗೆ? ತಮ್ಮನಿಗೆ. ಹಾಗಾದರೆ ಕೈಯಾಡಿಸಿದವರು ಯಾರು? ಅಕ್ಕನಲ್ಲದೆ ಇನ್ಯಾರು! ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದುಕೊಂಡು ನೇರ ದಾಸ್ತಾನು ಕೋಣೆಗೆ ನುಗ್ಗಿದೆ. ಅದರ ಉಸ್ತುವಾರಿಯವರನ್ನು ನಾವೆಲ್ಲ ಬೀಗದಣ್ಣ ಎನ್ನುತ್ತೇವೆ.

"ಬೀಗದಣ್ಣ, ಆ ಹೆಂಗಸನ್ನ ಒಳಗೆ ಬಿಟ್ಟಿದ್ರಾ?"

"ಅಯ್ಯೋ, ಆಚೆ ಬೆಂಚಿನ ಮೇಲೆ ಕೂತಿದ್ದೇ ಬಂತು, ಪಾಪ," ಎಂದು ಹಣೆ ಒರೆಸಿಕೊಂಡರು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಿತ್ತು. "ಮತ್ಯಾಕೆ ಬೆವರ್ತಿದ್ದೀರಿ?"

"ಹೇಳ್ಬೇಕೋ ಬೇಡ್ವೋ ಅಂತ, ಮೇಡಂ. ಮೊನ್ನೆ ಆ ಅಂಗಿ ಕೊಡುವಾಗ, ಒಣ ಜಾಗದಲ್ಲೇ ಇಟ್ಟಿದ್ದೆ ಅಂದ್ರೂ ನೀವು ನಂಬ್ಲಿಲ್ಲ. ಪೊಟ್ಟಣ ಬಿಚ್ಚಿ, ಮಾಸ್ಕ್ ಇಳಿಸಿ, ಬಟ್ಟೆ ಮೂಸಿ ನೋಡಿದ್ರಿ. ಆಮೇಲೆ ಎರಡು ಸಲ ಸೀನಿದ್ರಿ."

ಬೂಷ್ಟು ಹಿಡಿದಿದೆಯೋ ಎಂದು ಮೂಗಿನಿಂದಲೇ ಪತ್ತೆ ಹಚ್ಚುವುದು ನನ್ನ ಹಳೆಯ ಚಾಳಿ. ನಮ್ಮಲ್ಲಿ ಸಿಬ್ಬಂದಿಯ ಡಿಎನ್‌ಎ ವಿವರವನ್ನೂ ಕಡತದಲ್ಲಿ ಇಟ್ಟಿರುತ್ತಾರೆ. ಬಟ್ಟೆಯಲ್ಲಿ ಸಿಕ್ಕಿದ್ದನ್ನು ಅದರ ಜೊತೆ ಹೋಲಿಸಿದೆ. ಒಂದೊಂದು ಗುರುತೂ ನನ್ನದೇ, ರಕ್ತದ್ದಲ್ಲ, ಸೀನಿನ ಹನಿಯದು. ನನ್ನ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿತ್ತು, ನಾನು ಪಕ್ಕದೆಲೆಯ ನೊಣ ಹುಡುಕುತ್ತಿದ್ದೆ. ನಾಚಿಕೆಯಿಂದ ಸತ್ತೇ ಹೋದೆ.

ನಮ್ಮ ಪ್ರಯೋಗಾಲಯದ ಸಾಹೇಬರು ಎಲ್ಲ ಕೇಳಿ ಬಾಗಿಲು ಮುಚ್ಚಿದರು. "ಮಾದರಿ ಪೂರ್ತಿ ಕೆಟ್ಟಿದೆ ಅಂತ ಬರೆದುಬಿಡಮ್ಮ. ಅಷ್ಟು ಹಳೇದು, ಯಾರೂ ಕೇಳಲ್ಲ."

ಹಾಗೆ ಬರೆದರೆ ನನ್ನ ಕೆಲಸ ಉಳಿಯುತ್ತದೆ. ಬಹುಶಃ ನನ್ನ ಸೀನು ತಾಗಿರದ ಉಳಿದರ್ಧ ಬಟ್ಟೆಯನ್ನು ಮಾತ್ರ ಮತ್ತೆ ಯಾರೂ ಮುಟ್ಟುವುದಿಲ್ಲ, ಆ ತಮ್ಮ ಜೈಲಿನಲ್ಲೇ ಸಾಯುತ್ತಾನೆ. ಸುಳ್ಳು ಯಾಕೆ ಹೇಳಲಿ, ಒಂದು ಗಂಟೆ ಆಸೆಪಟ್ಟೆ. ಕೊನೆಗೆ ನಡೆದದ್ದನ್ನು ನಡೆದಂತೆ ಬರೆದೆ. ಉಳಿದದ್ದನ್ನು ಬೇರೆ ಪ್ರಯೋಗಾಲಯಕ್ಕೆ ಕಳಿಸಬೇಕೆಂದು ಸೇರಿಸಿ ಸಹಿ ಹಾಕಿದೆ.

ಆಚೆ ಬೆಂಚಿನ ಮೇಲೆ ಅಕ್ಕ ಕೂತಿದ್ದಳು. ಪಕ್ಕದಲ್ಲಿ ಕೂತು ಒಂದನ್ನೂ ಬಿಡದೆ ಹೇಳಿದೆ. ಬೈಯುತ್ತಾಳೆಂದು ಕಾದೆ, ಬೈಯಲಿಲ್ಲ.

"ಮೊದಲು ನನ್ನ ಮೇಲೆ ಅನುಮಾನ ಬಂತಾ?"

"ಬಂತು."

"ಬೇರೆ ಯಾರೂ ತೋಚಲಿಲ್ಲ ಅಂತ?"

"ಹೌದು."

"ಅವತ್ತು ನನ್ನ ತಮ್ಮನ ಮೇಲೂ ಹೀಗೇ ಬಂದಿದ್ದು," ಎಂದಳು.