ಎಹಸಾನ್ ಅಲ್ಲ, ಇಹ್ಸಾನ್

ಸೊಸೆ ಬಳೆ ಬಿಚ್ಚಿಟ್ಟು ತೋಳು ಮಡಚಿಕೊಳ್ಳುವಷ್ಟರಲ್ಲಿ ನಾದಿನಿ ಬಚ್ಚಲಿನ ಬಾಗಿಲಿಗೆ ಅಡ್ಡ ನಿಂತಳು. ಒಳಗೆ ಹಲಗೆಯ ಮೇಲೆ ಅತ್ತೆಯ ಮಯ್ಯತ್ತು ಬಿಳಿ ಚಾದರದಡಿ ಮಲಗಿತ್ತು. ಊರಿನ ಹೆಂಗಸರಿಗೆಲ್ಲ ಕೊನೆಯ ಸ್ನಾನ ಮಾಡಿಸಿದವಳಿಗೆ ಈಗ ಸ್ನಾನ ಮಾಡಿಸುವವರು ಯಾರು ಎಂಬುದೇ ಬೆಳಗಿನಿಂದ ತಕರಾರು.

"ಪಕ್ಕದ ಬೀದಿಯವರಿಗೆ ಹೇಳಿ ಕಳಿಸಿದೀನಿ, ಅತ್ತಿಗೆ. ನೀವು ಕೈ ಹಚ್ಚೋದು ಬೇಡ."

"ಅವರಿಗೆ ಅತ್ತೆ ರೀತಿ ಗೊತ್ತಿಲ್ಲ. ನಾನೇ ಮಾಡ್ತೀನಿ."

"ಹೆಣ ಮುಟ್ಟಿದ ಕೈ ಅಂತ ಅಮ್ಮ ಬಡಿಸಿದ ತಟ್ಟೆ ಸರಿಸಿ ಎದ್ದು ಹೋದವರು ನೀವು. ಈಗ ಅದೇ ಅಮ್ಮನ್ನ ಮುಟ್ಟಿ ನಮ್ಮ ಮೇಲೆ ಎಹಸಾನ್ ಹೊರಿಸ್ಬೇಡಿ."

ಮಾತು ಸುಳ್ಳಾಗಿರಲಿಲ್ಲ, ಅದಕ್ಕೇ ನೇರವಾಗಿ ನಾಟಿತು. ಬಚ್ಚಲ ಹೊರಗೆ ಕೂತಿದ್ದ, ಯಾವ ಜಗಳವನ್ನೂ ತಪ್ಪಿಸಿಕೊಳ್ಳದ ನಾದಿನಿಯ ಚಿಕ್ಕಮ್ಮ ತಸ್ಬಿಯ ಮಣಿ ಎಣಿಸುವುದನ್ನು ನಿಲ್ಲಿಸಿ ಕಿವಿ ನೆಟ್ಟಗೆ ಮಾಡಿದಳು.

*

ನಾದಿನಿ ಮದುವೆಯಾಗಿ ಹೋದ ಮೇಲಿನ ಸಂಗತಿ. ಹೆರಿಗೆಯ ನಂತರ ಸೊಸೆ ಜ್ವರ ಹಿಡಿದು ಮಲಗಿದ್ದಳು. ಅತ್ತೆ ಬಿಸಿನೀರು ತಂದು, ಮೊದಲು ತನ್ನ ಮಣಿಕಟ್ಟಿನ ಮೇಲೆ ಸುರಿದು ನೋಡಿ, ಅವಳ ತಲೆ ತೊಳೆಯಲು ಕೂತಳು.

"ನಿಮ್ಮ ಎಹಸಾನ್ ನನಗೆ ಬೇಡ," ಎಂದು ಸೊಸೆ ಮುಖ ತಿರುಗಿಸಿದಳು.

ಅತ್ತೆ ನಕ್ಕುಬಿಟ್ಟಳು. "ನಾನೂ ಹಂಗೇ ತಿಳ್ಕೊಂಡಿದ್ದೆ ಕಣೇ. ನಮ್ಮ ಬಾಯಲ್ಲಿ ಎಹಸಾನ್ ಅಂದ್ರೆ ಋಣದ ಹೊರೆ. ಅರಬ್ಬಿಯಲ್ಲಿ ಅದು ಇಹ್ಸಾನ್ ಅಂತೆ, ಉಸ್ತಾದರು ಹೇಳಿದ್ರು. ಮಾಡೋದನ್ನ ಚೆಂದಾಗಿ ಮಾಡೋದು. ಅಲ್ಲಾಹನ್ನ ಕಣ್ಣಾರೆ ನೋಡ್ತಿದೀವಿ ಅನ್ನೋ ಹಾಗೆ. ಅವನು ನಮಗೆ ಕಾಣದಿದ್ರೂ ನಾವು ಅವನಿಗೆ ಕಾಣ್ತೀವಲ್ಲ. ಈಗ ಕತ್ತು ಸ್ವಲ್ಪ ಎಡಕ್ಕೆ ತಿರುಗಿಸ್ತೀನಿ."

ಆ ಬೆರಳುಗಳು ಕಿವಿಯ ಹಿಂದೆಯೂ ಮರೆಯದೆ ಓಡಾಡಿದವು. ಸೊಸೆಗೆ ನಾಚಿಕೆಯಾಯಿತು, ಜೊತೆಗೇ ಹಾಯೆನಿಸಿತು. ಆಮೇಲೆ ಅವಳು ಅತ್ತೆಯ ಬೆನ್ನಿಗೆ ಸಾವಿನ ಮನೆಗಳಿಗೂ ಹೋದಳು. ನೀರು ಹೊತ್ತಳು, ಚಾದರ ಹಿಡಿದಳು. ಮುಟ್ಟುವ ಧೈರ್ಯ ಮಾತ್ರ ಬರಲಿಲ್ಲ. ಅತ್ತೆಯೋ, ಸತ್ತವರಿಗೂ ಹೇಳಿಯೇ ಮಗ್ಗುಲು ತಿರುಗಿಸುತ್ತಿದ್ದಳು.

*

"ಎಹಸಾನ್ ಅಲ್ಲ," ಎಂದಳು ಸೊಸೆ. "ನಾನು ಹೇಸಿದ್ದು ನಿಜ. ಅದನ್ನ ಅತ್ತೆಯೇ ತೊಳೆದುಬಿಟ್ರು. ನೀನೂ ಒಳಗೆ ಬಾ. ನನ್ನ ಕೈ ಒರಟಾಯ್ತು ಅನ್ನಿಸಿದ್ರೆ ಅಲ್ಲೇ ತಡಿ."

"ನ್ಯಾಯವಾದ ಮಾತು," ಎಂದಳು ಚಿಕ್ಕಮ್ಮ. "ಬೇಗ ಹೋಗಿ, ನೀರು ಆರ್ತಿದೆ."

ನಾದಿನಿ ದಾರಿ ಬಿಟ್ಟು, ಹಿಂದೆಯೇ ಒಳಗೆ ಬಂದಳು. ಸೊಸೆ ಚಾದರದಡಿ ಕೈ ಹಾಕಿದಳು. ತಣ್ಣಗಿನ ಭುಜ ಅಂಗೈಗೆ ತಾಗಿದ್ದೇ ತಡ, ಇಷ್ಟು ವರ್ಷದ ಹೆದರಿಕೆ ಎಲ್ಲಿ ಹೋಯಿತೋ ತಿಳಿಯಲಿಲ್ಲ. ಅದರ ಜಾಗದಲ್ಲಿ ಅತ್ತೆಯ ಕೆಲಸ ತನ್ನ ಕೈಗೆ ಬಂದ ಹೆಮ್ಮೆ ಎದೆತುಂಬ ಎದ್ದು ನಿಂತಿತು.

"ಅತ್ತೆ, ಸ್ವಲ್ಪ ಎಡಕ್ಕೆ ತಿರುಗಿಸ್ತೀನಿ," ಎಂದಳು.

ನಾದಿನಿ ತಟ್ಟನೆ ತಲೆಯೆತ್ತಿದಳು. ಚಿಕ್ಕಂದಿನಲ್ಲಿ ತನಗೆ ತಲೆಸ್ನಾನ ಮಾಡಿಸುವಾಗ ಅಮ್ಮ ಹೇಳುತ್ತಿದ್ದದ್ದೂ ಹೀಗೆಯೇ. ಅವಳು ಚೆಂಬು ತುಂಬಿಕೊಂಡಳು. ಒಂದಿಷ್ಟು ನೀರನ್ನು ತನ್ನ ಮಣಿಕಟ್ಟಿನ ಮೇಲೆ ಸುರಿದು ನೋಡಿ, ಚೆಂಬನ್ನು ಅತ್ತಿಗೆಯ ಕೈಗೆ ಕೊಟ್ಟಳು.